ಹಳೇ ಸೀರೆಯ ಕೌದಿ, ಹೊಸ ಖಣದ ಕುಂಚಿಗೆ

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯಲ್ಲಿ ಮಗಳು ಬಾಣಂತನಕ್ಕೆ ತವರಿಗೆ ಬಂದಳೆಂದರೆ ಹಳೇ ಟ್ರಂಕು ತೆರೆಯುತ್ತದೆ. ಅಜ್ಜಿಯ ಸೀರೆ, ಅಜ್ಜನ ಧೋತರ ಸೇರಿ ಕೂಸಿಗೊಂದು ಪುಟ್ಟ ಕೌದಿಯಾಗುತ್ತದೆ. ತೊಟ್ಟಿಲಿಗೆ ಹಾಕುವ ದಿನಕ್ಕೆ ತಲೆ-ಬೆನ್ನು ಮುಚ್ಚುವ ಖಣದ ಕುಂಚಿಗೆ ಬೇರೆ. ಎರಡೂ ಅಕ್ಕರೆಯ ಕೈಹೊಲಿಗೆಗಳೇ. ಆದರೆ ಎಳೆಗೂಸಿನ ಚರ್ಮದ ದೃಷ್ಟಿಯಿಂದ ನೋಡಿದರೆ ಎರಡೂ ಒಂದೇ ಅಲ್ಲ.

ಕೌದಿಯ ಜಾಣತನವಿರುವುದು ಅದರ ಹಳತನದಲ್ಲಿ. ವರ್ಷಗಟ್ಟಲೆ ಒಗೆಸಿಕೊಂಡ ನೂಲಿನ ಸೀರೆ ಬಿಡುವಷ್ಟು ಬಣ್ಣ ಬಿಟ್ಟಿರುತ್ತದೆ; ಗಂಜಿ ಹೋಗಿ ಎಳೆ ಮೆತ್ತಗಾಗಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಬೆವರು ಹೀರುವ ಬಟ್ಟೆಯೇ ಕೂಸಿಗೆ ನೆಮ್ಮದಿ. ಕೊರತೆಯೂ ಇದೆ. ಏಳೆಂಟು ಪದರದ ಕೌದಿಯನ್ನು ಒಗೆಯುವುದು ಕಷ್ಟ, ಒಣಗಿಸುವುದು ಇನ್ನೂ ಕಷ್ಟ. ಒಗೆಯದೆ ಬಿಟ್ಟರೆ ಧೂಳುನುಸಿ ಸೇರಿಕೊಂಡು ಮೂಗು, ಉಸಿರಿನ ಅಲರ್ಜಿಗೆ ದಾರಿಯಾಗುತ್ತದೆ. ನುಸಿ ಸಾಯಬೇಕಾದರೆ ನೀರು 60 ಡಿಗ್ರಿಯಷ್ಟಾದರೂ ಬಿಸಿ ಇರಬೇಕು.

ದೊಡ್ಡ ಆತಂಕ ಬೇರೆಯದು. ಹತ್ತಿ ಬೆಳೆಯುವ ರಾಯಚೂರು ಜಿಲ್ಲೆಯಲ್ಲೇ ಈಗ ಟ್ರಂಕಿನಿಂದ ಹೊರಬರುವುದು ಹೆಚ್ಚಾಗಿ ಪಾಲಿಯೆಸ್ಟರ್ ಸೀರೆ. ಪಾಲಿಯೆಸ್ಟರ್‌ಗೆ ಹಾಕುವ ಡಿಸ್ಪರ್ಸ್ ಬಣ್ಣಗಳು, ಅದರಲ್ಲೂ ಕೆಲವು ಕಡುನೀಲಿಗಳು, ಚರ್ಮದ ಅಲರ್ಜಿ ತರುವುದರಲ್ಲಿ ಹೆಸರಾದವು. ಬೆವರುಸಾಲೆ ಅಲರ್ಜಿಯಲ್ಲ, ನಿಜ. ಆದರೆ ಗಾಳಿಯಾಡದ ಬಟ್ಟೆ ಅದನ್ನೂ ಹೆಚ್ಚಿಸುತ್ತದೆ. ಹೊಲಿಗೆ ಹಳೆಯದಾದ ಮಾತ್ರಕ್ಕೆ ಕೌದಿಯ ಗುಣ ಉಳಿಯುವುದಿಲ್ಲ.

ಕುಂಚಿಗೆ ನೋಡಲು ಚೆಂದ. ಆದರೆ ಜರಿಯಂಚು ಕುತ್ತಿಗೆಯ ಮಡಿಕೆಗೆ ಉಜ್ಜುತ್ತದೆ. ಅಗ್ಗದ ಗೆಜ್ಜೆ, ಗುಂಡಿಗಳಲ್ಲಿ ನಿಕ್ಕಲ್ ಇದ್ದರೆ ತಾಗಿದಲ್ಲಿ ತುರಿಕೆ ಏಳಬಹುದು. ಹೊಲಿಗೆ ಬಿಚ್ಚಿದ ಮಣಿ ನೇರ ಕೂಸಿನ ಬಾಯಿಗೆ.

‘ನೈಸರ್ಗಿಕ’ ಎಂದೊಡನೆ ನಿಶ್ಚಿಂತರಾಗುವಂತೆಯೂ ಇಲ್ಲ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಡುಗೇರಿನ ರಸ ಅಪ್ಪಟ ಗಿಡದ್ದೇ. ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರಿಗೆ ಆ ಗುರುತು ತಾಗಿದಲ್ಲೇ ಚರ್ಮ ಉರಿದೆದ್ದದ್ದನ್ನು ವೈದ್ಯರು 1943ರಲ್ಲೇ ದಾಖಲಿಸಿದ್ದಾರೆ.

ಇದನ್ನೆಲ್ಲ ಪರೀಕ್ಷಿಸುವವರು ಯಾರು? ಆಟದ ಗೊಂಬೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ; ನೋಂದಾಯಿತ ಕುಶಲಕರ್ಮಿಗಳು ಮಾಡಿದ ಗೊಂಬೆಗಳಿಗೆ ವಿನಾಯಿತಿಯಿದೆ. ಮನೆಯಲ್ಲಿ ಹೊಲಿದ ಕೌದಿಯನ್ನಂತೂ ಯಾವ ಇಲಾಖೆಯೂ ಪರೀಕ್ಷಿಸುವುದಿಲ್ಲ. ಅಲ್ಲಿ ಹೊಲಿಯುವವರೇ ಪರೀಕ್ಷಕರು.

ಹಾಗಾಗಿ ಕೌದಿ ಹೊಲಿಯಿರಿ, ಆದರೆ ಮಾಸಲು ಬಣ್ಣದ ನೂಲಿನ ಬಟ್ಟೆಯನ್ನೇ ಆರಿಸಿ. ಎರಡು ಮೂರು ಪದರ ಸಾಕು. ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಅರಿವೆಯಿಂದ ತಿಕ್ಕಿ ನೋಡಿ. ಕುಂಚಿಗೆಗೆ ಒಳಗೆ ನೂಲಿನ ಅಸ್ತರ ಕೊಡಿ, ಮಣಿ-ಗೆಜ್ಜೆ ಬಿಡಿ. ಫೋಟೊ ಮುಗಿದೊಡನೆ ಕಳಚಿ. ಕೆಂಪು ಗಂದೆ ಎದ್ದರೆ ದೃಷ್ಟಿ ತೆಗೆಯುತ್ತ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ.