ಗಂಗೂಬಾಯಿಯವರನ್ನು ನೋಡುತ್ತ ಕೇಳುವುದು

ಸಂಗೀತ ಕೇಳಲು ಕಣ್ಣೇಕೆ ಬೇಕು ಅನ್ನುವವರಿದ್ದಾರೆ. ಬೇಕು ಅಂತಲೇ ನನ್ನ ವಾದ. ಗಂಗೂಬಾಯಿ ಹಾನಗಲ್ಲರು ಎಷ್ಟೋ ವರ್ಷ ನಮಗೆ ಬರೀ ಧಾರವಾಡ ಆಕಾಶವಾಣಿಯ ದನಿ. ಈಗ ಕೊರ್ಲಹಳ್ಳಿಯ ನಮ್ಮ ಪಡಸಾಲೆಯಲ್ಲಿ ಕೂತು ಅವರ ಹಳೆಯ ಕಚೇರಿಗಳ ವಿಡಿಯೋ ನೋಡುತ್ತೇನೆ. ರೊಟ್ಟಿ ಬಡಿದು ಮುಗಿದ ಮೇಲೆ, ಯಾರೂ ಕರೆಯದ ಹೊತ್ತಿನಲ್ಲಿ!

ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ದಪ್ಪವಾಯಿತು. ರೇಡಿಯೋದಲ್ಲಿ ಕೇಳಿದವರು ‘ಗಂಡಸರ ದನಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಪರದೆಯ ಮೇಲೆ ನೋಡಿ, ಸೀರೆಯುಟ್ಟ ಸಣ್ಣ ಮೈಯ ಹೆಣ್ಣುಮಗಳು ಕಿವಿಗೆ ಕೈಯಿಟ್ಟು ಅದೇ ದನಿಯನ್ನು ನಿಧಾನವಾಗಿ ಎತ್ತುತ್ತಾರೆ. ಅದು ಇನ್ಯಾರದೂ ಅಲ್ಲ, ಅವರದೇ.

ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಶಿಷ್ಯರೇ. ಅವರು ಕೈ, ಕತ್ತು, ಇಡೀ ಮೈಯಿಂದ ತಾನು ಎಳೆಯುತ್ತಾರೆ. ನೋಡಲು ಚೆಂದ. ಆದರೆ ಕಣ್ಣು ಮುಚ್ಚಿ ಕೇಳಿದರೂ ನನಗೆ ನಡೆದೀತು. ಗಂಗೂಬಾಯಿಯವರದು ನಡೆಯದು. ಅವರು ಅಲುಗುವುದೇ ಕಡಿಮೆ, ಒಂದೊಂದೇ ಸ್ವರ, ಅವಸರವಿಲ್ಲ. ಮತ್ತೆ ಅಲ್ಲಿ ಮಗಳು ಕೃಷ್ಣಾ ಇದ್ದಾರಲ್ಲ! ತಾಯಿ ಉಸಿರಿಗೆ ನಿಂತಲ್ಲಿ ಮಗಳು ತನ್ನ ತೆಳು ದನಿಯಲ್ಲಿ ಸ್ವರವನ್ನು ಕೈಬಿಡದೆ ಹಿಡಿಯುತ್ತಾರೆ. ಬರೀ ಕೇಳಿದರೆ ಎರಡು ದನಿ, ನೋಡಿದರೆ ಒಂದು ಮನೆತನದ ದುಡಿಮೆ. ಸರಿಯಾಗಿ ಅಲ್ಲೇ ಕ್ಯಾಮೆರಾ ತಬಲಾದವರ ಬೆರಳಿಗೆ ಹಾರಿದರೆ ನನಗೆ ಕೆಟ್ಟ ಸಿಟ್ಟು ಬರುತ್ತದೆ.

ಕೃಷ್ಣಾ 2004ರಲ್ಲಿ ತೀರಿಕೊಂಡರು. ತಾಯಿ ಹೋದದ್ದು 2009ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ. ಇದು ಗೊತ್ತಿದ್ದು ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಮಗಳ ಕಡೆಗೇ.