ಮೂರು ದಿನದ ಜ್ವರ ಮತ್ತು ಮಿಸ್ ಪುಷ್ಪಾ

ಎಂ.ಎ. ತರಗತಿಯಲ್ಲಿ ನಿಸ್ಸಿಮ್ ಎಜೆಕಿಯೆಲ್ ಅವರ ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.’ ಪಾಠವಾದ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. 1976ರ ‘ಹಿಮ್ಸ್ ಇನ್ ಡಾರ್ಕ್‌ನೆಸ್’ ಸಂಕಲನದಲ್ಲಿರುವ ಈ ಪದ್ಯ, ವಿದೇಶಕ್ಕೆ ಹೊರಟ ಸಹೋದ್ಯೋಗಿಯನ್ನು ಬೀಳ್ಕೊಡುವ ಒಂದು ಭಾಷಣ. ಭಾಷಣಕಾರ ಮುಟ್ಟಿದ ಕ್ರಿಯಾಪದಗಳಿಗೆಲ್ಲ ಹೆಚ್ಚುಕಡಿಮೆ ‘ಇಂಗ್’ ಅಂಟಿಕೊಳ್ಳುತ್ತದೆ. ಕನ್ನಡ ಮಾಧ್ಯಮದಿಂದ ಬಂದ ನನಗೆ ಆ ನಗು ಬೇಕಿತ್ತು. ನಕ್ಕರೆ ನಾನು ಅವನ ಸಾಲಿನವಳಲ್ಲ ಎಂದಾಯಿತಲ್ಲ!

ಪಿಎಚ್.ಡಿ.ಗೆ ಸೇರಿದ ವರ್ಷ ಜ್ವರ ಬಂದು ಮಲಗಿದ್ದೆ. ಅಪ್ಪ ನನ್ನ ಗೈಡ್‌ಗೆ ಫೋನ್ ಮಾಡಿ, ‘ಸರ್, ಶಿ ಈಸ್ ಹ್ಯಾವಿಂಗ್ ಫೀವರ್ ಸಿನ್ಸ್ ತ್ರೀ ಡೇಸ್’ ಎಂದರು. ಹೊದಿಕೆಯೊಳಗೆ ನನಗೆ ಜ್ವರಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಆ ವಾಕ್ಯ ಈಗಲೂ ತಲೆಯಲ್ಲಿದೆ. ‘ಸಾಮಾನ್ಯ ತಪ್ಪುಗಳು’ ಎಂಬ ಬಗೆಯ ಪುಸ್ತಕಗಳು ಅದರ ಎರಡೂ ತಪ್ಪುಗಳಿಗೆ ‘ಮಾತೃಭಾಷೆಯ ಪ್ರಭಾವ’ ಎಂಬ ಒಂದೇ ಚೀಟಿ ಅಂಟಿಸಿ ಮುಂದೆ ಹೋಗುತ್ತವೆ. ‘ಸಿನ್ಸ್ ತ್ರೀ ಡೇಸ್’ಗೆ ಆ ಚೀಟಿ ಸರಿ. ನಮ್ಮ ‘ಇಂದ’ ಪ್ರತ್ಯಯ ‘ಸೋಮವಾರದಿಂದ’ ಎನ್ನುವಲ್ಲಿಯೂ ದುಡಿಯುತ್ತದೆ, ‘ಮೂರು ದಿನದಿಂದ’ ಎನ್ನುವಲ್ಲಿಯೂ ದುಡಿಯುತ್ತದೆ. ಇಂಗ್ಲಿಷ್ ಈ ಕೆಲಸವನ್ನು ಇಬ್ಬರಿಗೆ ಹಂಚಿದೆ: ಶುರುವಾದ ಗಳಿಗೆಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ಕ್ರಿಯಾಪದವೂ ‘ಹ್ಯಾಸ್ ಹ್ಯಾಡ್’ ಆಗಬೇಕು.

ಆದರೆ ‘ಈಸ್ ಹ್ಯಾವಿಂಗ್’? ಕನ್ನಡದಲ್ಲಿ ಅಪ್ಪ ‘ಅವಳಿಗೆ ಜ್ವರ ಇದೆ’ ಎನ್ನುತ್ತಿದ್ದರು, ‘ಇರುತ್ತಿದೆ’ ಎನ್ನುತ್ತಿರಲಿಲ್ಲ. ‘ನನಗೆ ಗೊತ್ತು’ ಎನ್ನುವ ನಾವು ‘ಐ ಆ್ಯಮ್ ನೋಯಿಂಗ್’ ಎಂದರೆ ಅದನ್ನು ಕನ್ನಡದ ತಲೆಗೆ ಕಟ್ಟುವುದು ಹೇಗೆ? (ಎಲ್ಲ ಕ್ರಿಯಾಪದಗಳಿಗೂ ಈ ಮಾತು ಹೊಂದುವುದಿಲ್ಲ. ‘ನೆನಪಾಗ್ತಿದೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ.) ನನ್ನ ಅನುಮಾನ ತರಗತಿಯ ಮೇಲೆ. ‘ಐ ಆ್ಯಮ್ ರೈಟಿಂಗ್, ಐ ಆ್ಯಮ್ ಸಿಂಗಿಂಗ್’ ಎಂದು ಮಗ್ಗಿಯಂತೆ ಒಪ್ಪಿಸಿದ ಬಾಯಿಗೆ ‘ಇಂಗ್’ ಎಂದರೆ ಇಂಗ್ಲಿಷಿನ ಸಮವಸ್ತ್ರ, ಎಲ್ಲ ಕ್ರಿಯಾಪದಕ್ಕೂ ತೊಡಿಸುವಂಥದ್ದು. ತಿಳಿಯುವ, ಪ್ರೀತಿಸುವ, ಹೊಂದಿರುವ ಸ್ಥಿತಿಗಳಿಗೆ ಅದು ಸಾಮಾನ್ಯವಾಗಿ ಸಲ್ಲದು ಎಂಬ ಪಟ್ಟಿ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿದೆ, ನಿಜ. ನಮ್ಮ ಶಾಲೆಯಲ್ಲಿ ಮಗ್ಗಿ ಮುಗಿಯಿತು, ಪಟ್ಟಿಯ ತನಕ ಯಾರೂ ಹೋಗಲಿಲ್ಲ. ಪಟ್ಟಿಯೊಂದೇ ಸಾಲದು ಕೂಡ. ‘ಹ್ಯಾವಿಂಗ್ ಲಂಚ್’ ಸರಿ, ಏಕೆಂದರೆ ಅಲ್ಲಿ ‘ಹ್ಯಾವ್’ ಎಂದರೆ ಉಣ್ಣುವ ಕ್ರಿಯೆ. ‘ಹ್ಯಾವಿಂಗ್ ಟೂ ಬ್ರದರ್ಸ್’ ಸರಿಯಲ್ಲ, ತಮ್ಮಂದಿರು ಇರುವುದು ಸ್ಥಿತಿ. ನೋಡಬೇಕಾದ್ದು ಪದವನ್ನಲ್ಲ, ಅರ್ಥವನ್ನು. ಇನ್ನು ಮೆಕ್‌ಡೊನಾಲ್ಡ್ಸ್ 2003ರಿಂದ ‘ಐಯಾಮ್ ಲವಿನ್ ಇಟ್’ ಎನ್ನುತ್ತಿದೆ. ಅದು ಜಾಹೀರಾತು, ಅಪ್ಪನದು ತಪ್ಪು.

ಇಷ್ಟು ತಿಳಿದ ಮೇಲೆ ಎಜೆಕಿಯೆಲ್‌ರನ್ನು ಮತ್ತೆ ಓದಿದೆ. ಭಾಷಣಕಾರ ಮಿಸ್ ಪುಷ್ಪಾಳನ್ನು ಬಿಟ್ಟು ಸೂರತ್‌ನ ನೆನಪಿಗೆ ಜಾರುವ ಜಾಗ ಈಗಲೂ ಇಷ್ಟ. ಯಾವ ಭಾಷೆಯ ಬೀಳ್ಕೊಡುಗೆ ಭಾಷಣವಾದರೂ ಹಾಗೆಯೇ ದಾರಿ ತಪ್ಪುತ್ತದೆ. ಅಲ್ಲಿ ಕವಿಯ ಕಿವಿ ಚುರುಕಾಗಿದೆ. ಸೋಲುವುದು ‘ಇಂಗ್’ನಲ್ಲಿ. ಕಲಿಯುವವರು ಇಷ್ಟು ಶಿಸ್ತಾಗಿ ತಪ್ಪುವುದಿಲ್ಲ. ಒಂದು ಕಡೆ ಸರಿ, ಪಕ್ಕದಲ್ಲೇ ತಪ್ಪು, ಒಂದು ಶಾಲೆಯದು, ಇನ್ನೊಂದು ಮನೆಯದು. ಅಪ್ಪನ ಏಳು ಪದಗಳಲ್ಲಿ ಇಬ್ಬರು ಮೇಷ್ಟ್ರುಗಳಿದ್ದಾರೆ. ಪದ್ಯದ ಭಾಷಣಕಾರನಲ್ಲಿ ನನಗೆ ಕೇಳುವುದು, ಇಂಗ್ಲಿಷ್ ಚೆನ್ನಾಗಿ ಬಲ್ಲವರೊಬ್ಬರು ಮಾಡಿದ ಮಿಮಿಕ್ರಿ.

ಜ್ವರ ಬಿಟ್ಟ ಮೇಲೆ ಅಪ್ಪ, ‘ನಾನು ಸರಿಯಾಗಿ ಹೇಳಿದ್ನಾ? ನಿಮ್ಮ ಸರ್‌ಗೆ ಅರ್ಥ ಆಯ್ತಂತಾ?’ ಎಂದು ಕೇಳಿದ್ದರು. ಆಯ್ತಂತೆ ಎಂದೆ. ಮೊದಲ ಪ್ರಶ್ನೆಗೆ ಉತ್ತರ ಕೊಡಲಿಲ್ಲ.