ಮೇಕಪ್ಪು ಅಳಿಸಿದ ಮೇಲೆ ಉಳಿಯುವ ಕೂದಲು

ಅರಸೀಕೆರೆ ಸಮೀಪದ ಮಾಲೇಕಲ್ಲು ಬೆಟ್ಟದ ಮೇಲೆ ವೆಂಕಟರಮಣನ ಗುಡಿಯಿದೆ. ಅವನ ಒಕ್ಕಲಿನ ಮನೆಗಳಲ್ಲಿ ಮುಡಿ ಕೊಡುವ ಹರಕೆ ಸಾಮಾನ್ಯ. ನುಣ್ಣನೆಯ ತಲೆಗೆ ಟೋಪಿ ಹಾಕಿಕೊಂಡು ತರಗತಿಗೆ ಬರುವ ಮಕ್ಕಳನ್ನು ಈ ಸೀಮೆಯಲ್ಲಿ ಪಾಠ ಹೇಳಿದವರೆಲ್ಲ ಕಂಡಿರುತ್ತಾರೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಆ ತಲೆಯ ಮೇಲೆ ಸುಮಾರು ಮೂರು ಸೆಂಟಿಮೀಟರ್ ಕೂದಲು ಬಂದಿರುತ್ತದೆ. ಕ್ಷೌರದ ಕತ್ತಿ ತೆಗೆಯುವುದು ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ಎಳೆಯನ್ನು ಮಾತ್ರ. ಅದನ್ನು ಹುಟ್ಟಿಸುವ ರೋಮಕೂಪ ಚರ್ಮದೊಳಗೆ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೂ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ. ಆ ತಪ್ಪಿನಿಂದಾಗಿ ಒಂದು ಒಳ್ಳೆಯ ಚಲನಚಿತ್ರವನ್ನು ಎರಡನೆಯ ಸಲ, ಬೇರೆ ಕಣ್ಣಿನಿಂದ ನೋಡಬೇಕಾಯಿತು.

ಚಿತ್ರ, ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’. 2015ರಲ್ಲಿ ತೆರೆ ಕಂಡಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರು ತಮಿಳಿನಲ್ಲಿ ಬರೆದ ಆತ್ಮಕಥೆ ಇದರ ಮೂಲ. ಗಂಡಾಗಿ ಹುಟ್ಟಿ, ತಾನು ಹೆಣ್ಣು ಎಂದು ಅರಿತು, ಹೆಣ್ಣಾಗಿ ಬಾಳಲು ಮನೆ ಬಿಟ್ಟು ಹೊರಟವಳ ಕಥೆ. ಮಾದೇಶನಾಗಿಯೂ ವಿದ್ಯಾಳಾಗಿಯೂ ಕಾಣಿಸಿಕೊಂಡ ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಅವರು ನಮಗೆ ದೂರದವರಲ್ಲ; ಪಕ್ಕದ ಕಡೂರು ತಾಲ್ಲೂಕಿನ ಸಿಂಗಟಗೆರೆಯವರು. 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರ ಅಂಗಾಂಗಗಳನ್ನು ದಾನ ಮಾಡಲಾಯಿತು. ಇದೇ ಚಿತ್ರದ ಮೇಕಪ್ಪಿಗೂ ರಾಷ್ಟ್ರಪ್ರಶಸ್ತಿ ಸಂದಿದೆ. ನನ್ನ ವಿಮರ್ಶೆ ಹೊರಡುವುದು ಆ ಎರಡನೆಯ ಪ್ರಶಸ್ತಿಯಿಂದ.

ಚಿತ್ರ ನೋಡಿದ ಬಳಿಕ ನನ್ನನ್ನು ಹುಡುಕಿಕೊಂಡು ಬಂದವಳು, ಒಂದು ಕಾಲಕ್ಕೆ ನನ್ನ ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿನಲ್ಲಿದ್ದವಳು. ಕತ್ತಿನ ಸುತ್ತ ಸೆರಗು ಬಿಗಿದಿದ್ದಳು. ಗಲ್ಲದ ಮೇಲೆ ದಪ್ಪಗೆ ಪೌಡರು. ಅದರಡಿಯಲ್ಲಿ ಹಸಿರು ಮಿಶ್ರಿತ ಕಪ್ಪು ಛಾಯೆ. “ಸಾರ್, ಆಪರೇಷನ್ ಆದ್ಮೇಲೆ ಗಡ್ಡ ಬರೋದು ನಿಂತೋಗುತ್ತಲ್ವಾ?” ಎಂದಳು. “ನಿಲ್ಲಬೇಕಮ್ಮ, ಹಾರ್ಮೋನೇ ಇರಲ್ಲವಲ್ಲ” ಎಂದೆ. ಅವಳು ನಂಬಿದಳು. ಮೇಷ್ಟ್ರ ಮಾತು ನೋಡಿ.

ಆ ಉತ್ತರ ನನಗೆ ಬಂದದ್ದು ಪಠ್ಯಪುಸ್ತಕದಿಂದ. ಹದಿಹರೆಯದ ಪಾಠದಲ್ಲಿ ವೃಷಣಗಳು ಟೆಸ್ಟೋಸ್ಟಿರೋನ್ ಸ್ರವಿಸುತ್ತವೆ, ಅದರಿಂದ ಹುಡುಗರಿಗೆ ಗಡ್ಡಮೀಸೆ ಬರುತ್ತದೆ ಎಂಬ ವಾಕ್ಯವನ್ನು ತಲೆಮಾರುಗಳಿಂದ ಓದಿಸಿದ್ದೇವೆ. ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಓದುವವರು ಅದನ್ನು ವಿದ್ಯುತ್ ದೀಪದ ಸ್ವಿಚ್ಚಿನಂತೆ ಅರ್ಥ ಮಾಡಿಕೊಳ್ಳುತ್ತಾರೆ. ಒತ್ತಿದರೆ ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ರೋಮಕೂಪ ಹಾಗಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಸಿಗ್ನಲ್ ಕೆಂಪಾದರೆ ಮುಂದೆ ಬರುವ ರೈಲು ನಿಲ್ಲುತ್ತದೆ. ಆಗಲೇ ದಾಟಿ ಕಡೂರಿನ ಕಡೆ ಹೋದ ರೈಲು ಹಿಂದಕ್ಕೆ ಬರುವುದಿಲ್ಲ.

ಇದನ್ನು ಮೊದಲು ವ್ಯವಸ್ಥಿತವಾಗಿ ತೋರಿಸಿದವನು ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಅಂಗರಚನಾ ವಿಜ್ಞಾನಿ. 1942ರಲ್ಲಿ ಆತ ಪ್ರಕಟಿಸಿದ ಅಧ್ಯಯನದಲ್ಲಿ ವೃಷಣಗಳಿಲ್ಲದ ಅಥವಾ ಅವು ಬಲಿಯದೇ ಉಳಿದ 104 ಮಂದಿಯಿದ್ದರು. ಪ್ರಾಯಕ್ಕೆ ಮುನ್ನವೇ ವೃಷಣಗಳನ್ನು ಕಳೆದುಕೊಂಡವರ ತಲೆ ಬೋಳಾಗಿರಲಿಲ್ಲ. ಟೆಸ್ಟೋಸ್ಟಿರೋನ್ ಕೊಟ್ಟಾಗ, ಮನೆತನದಲ್ಲಿ ಬೊಕ್ಕತಲೆ ಇದ್ದವರಿಗೆ ಕೂದಲು ಉದುರತೊಡಗಿತು. ಕೊಡುವುದನ್ನು ನಿಲ್ಲಿಸಿದಾಗ ಉದುರುವುದು ತಗ್ಗಿತು, ಆದರೆ ಹೋದ ಕೂದಲು ಮರಳಲಿಲ್ಲ. ಇದನ್ನೇ ತಿರುಗಿಸಿ ಓದಿದರೆ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಹಾರ್ಮೋನು ಇಲ್ಲವಾದರೆ ಮುಂದಿನ ನಷ್ಟ ನಿಲ್ಲುತ್ತದೆ, ಹಿಂದೆ ಆದದ್ದು ಬಹುಪಾಲು ಹಾಗೆಯೇ ಉಳಿಯುತ್ತದೆ.

ಇಲ್ಲೊಂದು ವಿಚಿತ್ರವಿದೆ. ತಲೆಯ ಮುಂಭಾಗದ ಕೂದಲನ್ನು ಉದುರಿಸುವ ಹಾರ್ಮೋನೇ ಗಲ್ಲದ ಕೂದಲನ್ನು ಬೆಳೆಸುತ್ತದೆ. ಟೆಸ್ಟೋಸ್ಟಿರೋನನ್ನು ಐದು-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಡೈಹೈಡ್ರೋಟೆಸ್ಟೋಸ್ಟಿರೋನ್ ಎಂಬ ಇನ್ನೂ ಪ್ರಬಲ ರೂಪಕ್ಕೆ ಮಾರ್ಪಡಿಸುತ್ತದೆ. ಗಡ್ಡಕ್ಕೂ ಬೊಕ್ಕತಲೆಗೂ ಮುಖ್ಯವಾಗಿ ಬೇಕಾದದ್ದು ಈ ರೂಪ. ಡೊಮಿನಿಕನ್ ಗಣರಾಜ್ಯದಲ್ಲಿ ಈ ಕಿಣ್ವದ ಕೊರತೆಯೊಡನೆ ಹುಟ್ಟಿದ ಕೆಲವು ಕುಟುಂಬಗಳವರನ್ನು ಜೂಲಿಯನ್ ಇಂಪೆರಾಟೋ ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ವರದಿ ಮಾಡಿದರು. ಅವರಿಗೆ ಗಡ್ಡ ವಿರಳ, ಬೊಕ್ಕತಲೆ ಇಲ್ಲ. ಹಾರ್ಮೋನು ಒಂದೇ ಆದರೂ ಯಾವ ಕೂಪ ಅದನ್ನು ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದು ಆ ಕೂಪದ ಸ್ವಭಾವಕ್ಕೆ ಬಿಟ್ಟದ್ದು. 1959ರಲ್ಲಿ ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರಿಕ್ ತಲೆಯ ಹಿಂಭಾಗದ ಕೂದಲಿರುವ ಚರ್ಮದ ತುಣುಕುಗಳನ್ನು ಮುಂಭಾಗದ ಬೋಳಿನಲ್ಲಿ ನೆಟ್ಟು ತೋರಿಸಿದ್ದೂ ಇದನ್ನೇ. ನೆಟ್ಟ ಕೂದಲು ಹೊಸ ಜಾಗದಲ್ಲೂ ತನ್ನ ಹಳೆಯ ಸ್ವಭಾವದಂತೆ ಬೆಳೆಯುತ್ತಾ ಹೋಯಿತು. ಇಂದಿನ ಕೂದಲು ಕಸಿಯ ಆಧಾರವೇ ಅದು.

ಪ್ರಾಯದಲ್ಲಿ ಗಲ್ಲದ ಮೇಲಿನ ನವಿರು ರೋಮದ ಕೂಪ ಹಿಗ್ಗಿ, ಆಳಕ್ಕಿಳಿದು, ದಪ್ಪ ಕಪ್ಪು ಕೂದಲನ್ನು ಹೊರಡಿಸತೊಡಗುತ್ತದೆ. ಒಮ್ಮೆ ಹೀಗೆ ಬದಲಾದ ಗಡ್ಡದ ಕೂಪ ಹಾರ್ಮೋನು ಇಳಿದರೂ ನವಿರು ರೋಮಕ್ಕೆ ಮರಳುವುದಿಲ್ಲ. ಈಸ್ಟ್ರೋಜನ್ ಮತ್ತು ಪುರುಷ ಹಾರ್ಮೋನು ತಡೆಯುವ ಔಷಧಿಗಳನ್ನು ವೈದ್ಯರ ನಿಗಾದಲ್ಲಿ ತೆಗೆದುಕೊಂಡರೆ ಎದೆ, ಹೊಟ್ಟೆ, ಕೈಕಾಲುಗಳ ಕೂದಲು ತೆಳ್ಳಗಾಗುತ್ತದೆ. ಅದು ಕಾಣತೊಡಗಲು ಆರರಿಂದ ಹನ್ನೆರಡು ತಿಂಗಳು ಬೇಕು. ಪೂರ್ಣ ಪರಿಣಾಮಕ್ಕೆ ಮೂರು ವರ್ಷ ಮೀರುತ್ತದೆ. ಗಡ್ಡ ನಿಧಾನವಾಗಿ, ಸ್ವಲ್ಪ ಮೆತ್ತಗೆ ಬೆಳೆಯಬಹುದು. ನಿಲ್ಲುವುದಿಲ್ಲ. ನೆತ್ತಿಯ ಕೂದಲು ಉದುರುವುದು ಹತೋಟಿಗೆ ಬರುತ್ತದೆ. ಇತ್ತೀಚೆಗೆ ಸಣ್ಣಗಾದ ಕೂಪಗಳು ಕೆಲವೊಮ್ಮೆ ಚೇತರಿಸಿಕೊಳ್ಳುತ್ತವೆ. ಹತ್ತಾರು ವರ್ಷದಿಂದ ಬೋಳಾಗಿರುವ ಹಣೆಯ ಮೂಲೆಗಳಲ್ಲಿ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ.

ಈಗ ಚಿತ್ರಕ್ಕೆ ಬರುತ್ತೇನೆ. ಸಮುದಾಯದಲ್ಲಿ ‘ನಿರ್ವಾಣ’ ಎಂದು ಕರೆಯುವ ಶಸ್ತ್ರಚಿಕಿತ್ಸೆಯನ್ನು ಚಿತ್ರ ಹೊಸ ಜನ್ಮದಂತೆ ಕಾಣುತ್ತದೆ. ಭಾವದ ದೃಷ್ಟಿಯಿಂದ ಇದು ಸರಿ. ವಿಜಯ್ ಅವರ ನಡಿಗೆ, ದನಿ, ಕಣ್ಣುಗಳಲ್ಲಿ ಆಗುವ ಬದಲಾವಣೆಯನ್ನು ನೋಡಿ ಮೆಚ್ಚದವರಿಲ್ಲ. ನನ್ನ ಆಕ್ಷೇಪವಿರುವುದು ದೇಹದ ಕಾಲಮಾನದ ಬಗ್ಗೆ. ತೆರೆಯ ಮೇಲೆ ಮುಖದ ಬದಲಾವಣೆ ಮೇಕಪ್ ಪೆಟ್ಟಿಗೆಯಿಂದ ಬರುತ್ತದೆ. ಆದ್ದರಿಂದ ಅದು ಕಥೆಯ ವೇಗಕ್ಕೆ ತಕ್ಕಂತೆ ಬರುತ್ತದೆ. ಕೂದಲು ಏಕೆ ಬೆಳೆಯುತ್ತದೆ, ಏಕೆ ನಿಲ್ಲುವುದಿಲ್ಲ ಎಂಬುದು ಚಿತ್ರದ ಕಾಳಜಿಯಲ್ಲ. ಎರಡು ಗಂಟೆ ಕೂತು ನೋಡಿದವನು ಆಸ್ಪತ್ರೆಯ ಮೇಜಿನ ಮೇಲೆ ಎಲ್ಲವೂ ಮುಗಿಯಿತು ಎಂದುಕೊಂಡು ಏಳುತ್ತಾನೆ. ಬೇರೆಯವರ ಮಾತೇಕೆ, ವಿಜ್ಞಾನ ಪಾಠ ಹೇಳುವ ನಾನೇ ಹಾಗೆ ಎದ್ದೆ.

ಸಿನಿಮಾ ಪಾಠವಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಇದು ಮಾಹಿತಿಯ ಕೊರತೆಯಷ್ಟೇ ಅಲ್ಲ, ನಾಟಕದ ಕೊರತೆ ಕೂಡ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೊದಲು ಓದುವುದು ಗಲ್ಲದ ಛಾಯೆಯನ್ನು. ಲೇಸರ್ ಚಿಕಿತ್ಸೆಗೆ ಹೋಗುವವರು ನಡುವೆ ಕೂದಲನ್ನು ಕೀಳಬಾರದು, ಹೆರೆಯಬಹುದಷ್ಟೆ. ಸೂಜಿ ಚಿಕಿತ್ಸೆಗೆ ಹೋಗುವವರು ಕೆಲವು ದಿನ ಗಡ್ಡವನ್ನು ಬೆಳೆಯಲು ಬಿಡಬೇಕು. ಗಡ್ಡ ಹೋಗಲೆಂದು ಗಡ್ಡ ಬಿಟ್ಟುಕೊಂಡು ಕೆಲಸಕ್ಕೆ ಹೋಗಬೇಕಾದ ಹೆಣ್ಣಿನ ಆ ಮೂರು ದಿನಕ್ಕಿಂತ ದೊಡ್ಡ ನಾಟಕ ಯಾವುದಿದೆ? ಕನ್ನಡಿಯ ಮುಂದಿನ ಎರಡು ಬೆಳಗುಗಳನ್ನು ತೋರಿಸಿದ್ದರೆ ಸಾಕಿತ್ತು.

ಇನ್ನೊಂದು ಮಾತು. ಬೇಲೂರಿಗೆ ಪ್ರವಾಸ ಹೋದಾಗಲೆಲ್ಲ ಮಕ್ಕಳು ಮದನಿಕೆಯರ ಕೇಶಾಲಂಕಾರ ನೋಡಿ ಬೆರಗಾಗುತ್ತಾರೆ. ತಲೆಯ ಮೇಲೆ ಅಷ್ಟು ವಿವರ ಕೆತ್ತಿದ ಶಿಲ್ಪಿ ಮೈಮೇಲೆ ಒಂದು ರೋಮವನ್ನೂ ಕೆತ್ತಿಲ್ಲ. ಚಿತ್ರದ ಮೇಕಪ್ಪೂ ಹೆಣ್ಣನ್ನು ನೋಡುವುದು ಈ ಕಲ್ಲಿನ ಅಳತೆಯಿಂದಲೇ. ನಿಜವಾದ ಹೆಂಗಸರ ಮೈ ಹೀಗಿರುವುದಿಲ್ಲ. 1961ರಲ್ಲಿ ಫೆರಿಮನ್ ಮತ್ತು ಗಾಲ್‌ವೇ ಎಂಬ ವೈದ್ಯರು ಹೆಂಗಸರ ದೇಹದ 11 ಭಾಗಗಳಲ್ಲಿ ಕೂದಲಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಪದ್ಧತಿ ರೂಪಿಸಿದರು. ಅದರ ಪರಿಷ್ಕೃತ ರೂಪ ಈಗಲೂ ಬಳಕೆಯಲ್ಲಿದೆ. ಆರೋಗ್ಯವಂತ ಹೆಂಗಸರಲ್ಲೂ ಅಂಕ ಸೊನ್ನೆಯೇ ಇರಬೇಕಿಲ್ಲ. ಹೆಣ್ಣಿನ ಅಂಡಾಶಯ, ಅಡ್ರಿನಲ್ ಗ್ರಂಥಿಗಳೂ ಸ್ವಲ್ಪ ಪುರುಷ ಹಾರ್ಮೋನು ಉತ್ಪಾದಿಸುತ್ತವೆ. ಹುಡುಗಿಯರಿಗೂ ಕಂಕುಳಲ್ಲಿ ಕೂದಲು ಬರುವುದು ಅದರಿಂದಲೇ. ಲಿಂಗಪರಿವರ್ತಿತ ಮಹಿಳೆಯನ್ನು ಮಾತ್ರ ಕಲ್ಲಿನ ಮದನಿಕೆಯ ಪಕ್ಕ ನಿಲ್ಲಿಸಿ ಅಳೆಯುವುದು ಅನ್ಯಾಯ.

ಹಾಗಾದರೆ ಗಡ್ಡಕ್ಕೆ ಉಪಾಯವೇನು? ಹಿಜ್ರಾ ಸಮುದಾಯದಲ್ಲಿ ಬ್ಲೇಡು ಬಿಟ್ಟು ಚಿಮಟದಿಂದ ಕೀಳುವುದು ಹಳೆಯ ರೂಢಿ. ಕಿತ್ತ ಕೂದಲು ಬೇರುಸಹಿತ ಬಂದಂತೆ ಕಂಡರೂ ಕೂಪ ಬಹುಮಟ್ಟಿಗೆ ಉಳಿದಿರುತ್ತದೆ. ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಕೂಪವನ್ನೇ ನಾಶಮಾಡುವ ವಿಧಾನಗಳು ಎರಡು. ಲೇಸರ್ ಬೆಳಕನ್ನು ಕೂದಲಿನ ಕಪ್ಪು ವರ್ಣಕ ಹೀರಿಕೊಂಡು ಕಾಯುತ್ತದೆ, ಆ ಶಾಖ ಕೂಪವನ್ನು ಸುಡುತ್ತದೆ. ನಮ್ಮ ಬಣ್ಣದ ಚರ್ಮದಲ್ಲೂ ಅದೇ ವರ್ಣಕವಿರುವುದು ತೊಡಕು. ತಪ್ಪು ತರಂಗಾಂತರ, ತಪ್ಪು ಪ್ರಮಾಣವಾದರೆ ಚರ್ಮವೂ ಸುಟ್ಟು ಕಲೆ ಉಳಿಯುತ್ತದೆ. 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಮೇಲ್ಚರ್ಮದಲ್ಲಿ ಕಡಿಮೆ ಹೀರಲ್ಪಟ್ಟು ಆಳಕ್ಕೆ ಹೋಗುವುದರಿಂದ ಕಪ್ಪು ಮೈಬಣ್ಣದವರಿಗೆ ಹೆಚ್ಚು ಸುರಕ್ಷಿತ. ಬೆಳವಣಿಗೆಯ ಹಂತದಲ್ಲಿರುವ ಕೂದಲಿಗೆ ಮಾತ್ರ ಪೆಟ್ಟು ಬೀಳುವುದರಿಂದ ವಾರಗಳ ಅಂತರದಲ್ಲಿ ಹಲವು ಸಲ ಮಾಡಿಸಬೇಕು. ಜಾಹೀರಾತುಗಳಲ್ಲಿ ‘ಶಾಶ್ವತ ನಿರ್ಮೂಲನ’ ಎಂದಿರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಲೇಸರಿಗೆ ಒಪ್ಪಿದ ಪದ ‘ಶಾಶ್ವತ ಇಳಿಕೆ’.

ಎರಡನೆಯದು ವಿದ್ಯುದ್ವಿಭಜನೆ. ಪ್ರಯೋಗಶಾಲೆಯಲ್ಲಿ ಉಪ್ಪುನೀರಿನ ಮೂಲಕ ವಿದ್ಯುತ್ ಹಾಯಿಸಿದಾಗ ಕ್ಯಾಥೋಡಿನ ಬಳಿ ಸೋಡಿಯಂ ಹೈಡ್ರಾಕ್ಸೈಡ್ ಉಂಟಾಗುವುದನ್ನು ನೀವು ತೋರಿಸಿದ್ದೀರಿ. ಅದೇ ಕ್ರಿಯೆ ಇಲ್ಲಿ ಚರ್ಮದೊಳಗೆ ನಡೆಯುತ್ತದೆ. ಕೂಪಕ್ಕೆ ಸಣ್ಣ ಸೂಜಿ ಇಳಿಸಿ ದುರ್ಬಲ ನೇರ ವಿದ್ಯುತ್ ಕೊಟ್ಟರೆ ಅಲ್ಲಿನ ಉಪ್ಪುನೀರಿನಿಂದಲೇ ಕ್ಷಾರ ಹುಟ್ಟಿ ಕೂಪವನ್ನು ನಾಶಮಾಡುತ್ತದೆ. 1875ರಲ್ಲಿ ಚಾರ್ಲ್ಸ್ ಮಿಶೆಲ್ ಎಂಬ ಅಮೆರಿಕದ ಕಣ್ಣಿನ ವೈದ್ಯ ಒಳಮುಖವಾಗಿ ಬೆಳೆದ ರೆಪ್ಪೆಗೂದಲಿಗೆಂದು ಪ್ರಕಟಿಸಿದ ವಿಧಾನವಿದು. ಯಾವ ಬಣ್ಣದ ಕೂದಲಿಗೂ ಆಗುತ್ತದೆ. ಒಂದೊಂದೇ ಕೂಪಕ್ಕೆ ಮಾಡಬೇಕಾದ್ದರಿಂದ ಇಡೀ ಗಡ್ಡಕ್ಕೆ ನೂರು ಗಂಟೆಯೂ ಸಾಲದೆ ಹೋಗಬಹುದು.

ಇವೆಲ್ಲ ಸೌಂದರ್ಯದ ಹವ್ಯಾಸವೆಂದು ತಳ್ಳಿಹಾಕುವವರು 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದಾಗಿನ ರೂಪದಲ್ಲಿ ಓದಿ ನೋಡಲಿ. ಸರ್ಕಾರ ವಿಮೆಯ ಮೂಲಕ ಭರಿಸಬೇಕಾದ ವೆಚ್ಚಗಳ ಸಾಲಿನಲ್ಲಿ, ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನು ಚಿಕಿತ್ಸೆಯ ಪಕ್ಕದಲ್ಲೇ, 15ನೆಯ ಪ್ರಕರಣ ಲೇಸರ್ ಚಿಕಿತ್ಸೆಯನ್ನೂ ಹೆಸರಿಸಿತ್ತು. ಶಾಸನ ಬರೆದವರಿಗೆ ಹೊಳೆದದ್ದು ಚಿತ್ರ ಮಾಡಿದವರಿಗೂ ಪಾಠ ಮಾಡಿದ ನನಗೂ ಹೊಳೆಯಲಿಲ್ಲ.

ತಪ್ಪು ತಿಳಿವಳಿಕೆಯ ಬೆಲೆ ಗಡ್ಡದಲ್ಲೇ ಮುಗಿಯುವುದಿಲ್ಲ. ಕೂದಲು ಬೇಗ ಹೋಗಲೆಂದು ಅಂಗಡಿಯಿಂದ ಗರ್ಭನಿರೋಧಕ ಗುಳಿಗೆ ತಂದು ದಿನಕ್ಕೆ ಎರಡು ಮೂರು ನುಂಗುವವರಿದ್ದಾರೆ. ಅವುಗಳಲ್ಲಿನ ಎಥಿನೈಲ್ ಈಸ್ಟ್ರಾಡಿಯೋಲ್ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಇನ್ನೂ ಹೆಚ್ಚು. ಶಸ್ತ್ರಚಿಕಿತ್ಸೆಯಾಗಿ ಎರಡು ಮೂರು ತಿಂಗಳಿಗೆ ತಲೆಗೂದಲು ರಾಶಿ ರಾಶಿ ಉದುರಿದರೆ ಗುಳಿಗೆ ಸಾಲದೆಂದು ಇನ್ನಷ್ಟು ನುಂಗುತ್ತಾರೆ. ಅದು ಆಘಾತಕ್ಕೆ ಒಳಗಾದ ಕೂಪಗಳು ಒಟ್ಟಿಗೆ ವಿಶ್ರಾಂತಿಗೆ ಹೋಗಿ ಕೂದಲು ಬಿಡುವ ಸ್ಥಿತಿ. ಕಡುಜ್ವರ, ಬಾಣಂತನದ ನಂತರವೂ ಕಾಣುತ್ತದೆ, ತಾನಾಗಿ ಸರಿಹೋಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಆಪರೇಷನ್ ಆಯಿತಲ್ಲ ಎಂದು ಈಸ್ಟ್ರೋಜನ್ನನ್ನು ಪೂರ್ತಿ ಬಿಟ್ಟರೆ ದೇಹದಲ್ಲಿ ಎರಡೂ ಹಾರ್ಮೋನುಗಳು ಸಾಕಷ್ಟಿಲ್ಲದೆ ಮೂಳೆಗಳು ಸವೆಯುತ್ತವೆ.

ನನ್ನ ವಿದ್ಯಾರ್ಥಿನಿ ಶಸ್ತ್ರಚಿಕಿತ್ಸೆಯ ಮರುವರ್ಷ ಮತ್ತೆ ಬಂದಳು. ಪೌಡರು ಹಾಗೆಯೇ ಇತ್ತು. “ನಿಲ್ಲಲಿಲ್ಲ ಸಾರ್” ಎಂದಳು. ಕೋಪವಿರಲಿಲ್ಲ, ಅದೇ ಕಷ್ಟವಾಯಿತು. ಹ್ಯಾಮಿಲ್ಟನ್ನನ ಕಥೆಯನ್ನು ಆ ದಿನ ಹೇಳಿದೆ. ಈಗ ಅವಳು ಲೇಸರ್ ಚಿಕಿತ್ಸೆಗೆ ಹೋಗುತ್ತಿದ್ದಾಳೆ, ಹಾರ್ಮೋನನ್ನು ವೈದ್ಯರೇ ನೋಡಿಕೊಳ್ಳುತ್ತಿದ್ದಾರೆ. ಮೇಲ್ತುಟಿ ಬಹುಮಟ್ಟಿಗೆ ಖಾಲಿಯಾಗಿದೆ. ಗಲ್ಲದ ತುದಿಯ ಒಂದಷ್ಟು ಕೂದಲು ಆಗಲೇ ನರೆತಿವೆ. ವರ್ಣಕವಿಲ್ಲದ ಕೂದಲನ್ನು ಲೇಸರ್ ಕಾಣುವುದಿಲ್ಲ. ಅವಕ್ಕೆ ಸೂಜಿಯೇ ಆಗಬೇಕು.